ರಿಫ್ಲೆಕ್ಸಾಲಜಿ: ಇತಿಹಾಸ ಮತ್ತು ಭಾರತದಲ್ಲಿ ಬಳಕೆ

ರಿಫ್ಲೆಕ್ಸಾಲಜಿ ಎಂದರೆ ಅಂಗಾಲು, ಅಂಗೈ ಮತ್ತು ಕಿವಿಯ ನಿರ್ದಿಷ್ಟ ಜಾಗಗಳನ್ನು ಒತ್ತಿದರೆ ದೇಹದ ಬೇರೆ ಅಂಗಗಳಿಗೆ ಗುಣವಾಗುತ್ತದೆಂಬ ನಂಬಿಕೆಯ ಮೇಲೆ ನಿಂತಿರುವ ಪೂರಕ ಚಿಕಿತ್ಸೆ. ಒತ್ತುವುದು ಹೆಚ್ಚಾಗಿ ಅಂಗಾಲನ್ನೇ. ಇದಕ್ಕೆ ಸಾವಿರಾರು ವರ್ಷಗಳ ಚರಿತ್ರೆಯಿದೆ ಎನ್ನುವುದು ಜಾಹೀರಾತುಗಳ ಮಾತು. ದಾಖಲೆಗಳಲ್ಲಿ ಸಿಗುವುದು ಸುಮಾರು ನೂರು ವರ್ಷದ ಕಥೆ.

ಪ್ರಾಚೀನತೆಗೆ ಸಾಕ್ಷಿಯಾಗಿ ಸಾಮಾನ್ಯವಾಗಿ ತೋರಿಸುವುದು ಈಜಿಪ್ಟಿನ ಸಖಾರಾದಲ್ಲಿರುವ ಅಂಖ್‌ಮಹೋರನ ಸಮಾಧಿಯ ಗೋಡೆಚಿತ್ರವನ್ನು. ಕ್ರಿ.ಪೂ. 2300ರ ಸುಮಾರಿನ ಈ ಚಿತ್ರದಲ್ಲಿ ಕೆಲವರು ಇತರರ ಕೈಕಾಲು ಹಿಡಿದು ಕೂತಿದ್ದಾರೆ. ಉಗುರು ಕತ್ತರಿಸಿ ಕೈಕಾಲು ಒಪ್ಪ ಮಾಡುವ ದೃಶ್ಯವೆಂದೂ ಇದನ್ನು ಓದಬಹುದು, ಹಲವರು ಹಾಗೆಯೇ ಓದಿದ್ದಾರೆ. ಅಂಗಾಲಿನಲ್ಲಿ ಯಕೃತ್ತು ಎಲ್ಲಿದೆ, ಗುಲ್ಮ ಎಲ್ಲಿದೆ ಎಂಬ ನಕ್ಷೆಯ ಸುಳಿವಂತೂ ಅಲ್ಲಿಲ್ಲ.

ಆ ನಕ್ಷೆ ಹುಟ್ಟಿದ್ದು ಅಮೆರಿಕದಲ್ಲಿ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರಾಗಿದ್ದ ವಿಲಿಯಂ ಫಿಟ್ಜ್‌ಜೆರಾಲ್ಡ್ (1872–1942) ಕೈಬೆರಳುಗಳನ್ನು ಬಿಗಿಯಾಗಿ ಒತ್ತಿ ಹಿಡಿದರೆ ಮುಖದ ಕೆಲ ಭಾಗಗಳಲ್ಲಿ ನೋವು ಮಂದವಾಗುತ್ತದೆಂದು ನಂಬಿದ್ದರು. ಬೆರಳಿಗೊಂದರಂತೆ ದೇಹವನ್ನು ತಲೆಯಿಂದ ಕಾಲಿನವರೆಗೆ ಹತ್ತು ಉದ್ದಪಟ್ಟಿಗಳಾಗಿ ವಿಂಗಡಿಸಿ 'ವಲಯ ಚಿಕಿತ್ಸೆ' ಎಂದರು. ರಬ್ಬರ್ ಬ್ಯಾಂಡು, ಬಟ್ಟೆಗೆ ಹಾಕುವ ಕ್ಲಿಪ್ಪು, ಲೋಹದ ಬಾಚಣಿಗೆ ಇವೇ ಅವರ ಉಪಕರಣಗಳು. ಎಡ್ವಿನ್ ಬೋವರ್ಸ್ ಜೊತೆಗೂಡಿ ಬರೆದ ಪುಸ್ತಕ 1917ರಲ್ಲಿ ಬಂತು. ವೈದ್ಯಲೋಕ ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ.

ವೈದ್ಯ ಜೋ ಶೆಲ್ಬಿ ರೈಲಿ ಈ ವಿಧಾನವನ್ನು ಬಳಸುತ್ತಿದ್ದರು. ಅವರ ಬಳಿ ಕೆಲಸ ಮಾಡುತ್ತಿದ್ದ ಯೂನಿಸ್ ಇಂಗಮ್ (1889–1974) 1930ರ ದಶಕದಲ್ಲಿ ಗಮನವನ್ನೆಲ್ಲ ಪಾದಕ್ಕೆ ತಿರುಗಿಸಿದರು. ರೋಗಿಗಳ ಅಂಗಾಲು ತಡಕಿ, ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ಗುರುತು ಹಾಕಿಕೊಂಡರು. ಮೊದಮೊದಲು ನೋಯುವ ಜಾಗಕ್ಕೆ ಹತ್ತಿಯ ಉಂಡೆ ಅಂಟಿಸಿ ನಡೆಸಿದ್ದೂ ಉಂಟು. ಆಮೇಲೆ ಹೆಬ್ಬೆರಳೇ ಸಾಕೆನಿಸಿತು. ಹೆಬ್ಬೆರಳಿನ ತುದಿಗಣ್ಣನ್ನು ಮಡಿಸುತ್ತ ಬಿಡಿಸುತ್ತ ಕಂಬಳಿಹುಳುವಿನಂತೆ ಚೂರುಚೂರೇ ಮುಂದೆ ಸಾಗಿಸುವ ವರಸೆ ಈ ಚಿಕಿತ್ಸೆಯಲ್ಲಿ ಇವತ್ತಿಗೂ ಮೊದಲ ಪಾಠ. ಇಂಗಮ್ ನಕ್ಷೆಯ ಪ್ರಕಾರ ಕಾಲಿನ ಹೆಬ್ಬೆರಳು ತಲೆ, ಪಾದದ ಒಳಅಂಚು ಬೆನ್ನುಮೂಳೆ, ಹಿಮ್ಮಡಿ ಸೊಂಟದ ಕೆಳಭಾಗ; ಯಕೃತ್ತು ಬಲಗಾಲಲ್ಲಿ, ಗುಲ್ಮ ಎಡಗಾಲಲ್ಲಿ. ಬೆರಳಿಗೆ ಸಿಗುವ ಮರಳಿನಂಥ ಗಡಸು ರಕ್ತಸಂಚಾರಕ್ಕೆ ಅಡ್ಡ ಬಂದ ಹರಳೆಂದು ಅವರು ವಿವರಿಸಿದರು. ಅಂಥ ಹರಳನ್ನಾಗಲಿ, ಅಂಗಾಲಿನ ಬಿಂದುವಿನಿಂದ ಯಕೃತ್ತಿಗೆ ಹೋಗುವ ದಾರಿಯನ್ನಾಗಲಿ ಅಂಗರಚನಾಶಾಸ್ತ್ರ ಕಂಡಿಲ್ಲ. 1938ರಲ್ಲಿ ಪುಸ್ತಕ ಪ್ರಕಟಿಸಿ, ಊರೂರು ಸುತ್ತಿ ಕಲಿಸಿದ್ದರಿಂದ ಈ ವಿದ್ಯೆ ವೈದ್ಯರ ಕೈದಾಟಿ ಜನಸಾಮಾನ್ಯರ ಕೈಗೆ ಬಂತು. ಡೊರೀನ್ ಬೇಲಿ ಇದನ್ನು ಬ್ರಿಟನ್ನಿಗೆ, ಹಾನ್ನೆ ಮಾರ್ಕ್ವಾರ್ಟ್ ಜರ್ಮನಿಗೆ ಒಯ್ದರು. ತೈವಾನಿನಲ್ಲಿ ಸ್ವಿಸ್ ಪಾದ್ರಿ ಜೋಸೆಫ್ ಓಯ್ಗ್‌ಸ್ಟರ್ ಇದನ್ನು ಜನಪ್ರಿಯಗೊಳಿಸಿದರು. ಪೂರ್ವ ಏಷ್ಯಾದ ಪುರಾತನ ವಿದ್ಯೆಯೆಂದು ಮಾರಾಟವಾಗುವ ಎಷ್ಟೋ ಪಾದಮರ್ದನದ ಹಿಂದೆ ಈ ಪಾದ್ರಿ ಇದ್ದಾರೆ.

ಭಾರತದಲ್ಲಿ ಪಾದಕ್ಕೆ ಎಣ್ಣೆ ತಿಕ್ಕುವುದು ಹಳೆಯ ರೂಢಿ. ವಾಗ್ಭಟನ 'ಅಷ್ಟಾಂಗಹೃದಯ' ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಅಭ್ಯಂಗ ಮಾಡಬೇಕೆನ್ನುತ್ತದೆ. ಸುಶ್ರುತ ಎಣಿಸಿದ 107 ಮರ್ಮಗಳಲ್ಲಿ ಅಂಗಾಲಿನ ನಡುವಿನ 'ತಲಹೃದಯ'ವೂ ಒಂದು. ತಮಿಳುನಾಡಿನ ಸಿದ್ಧವೈದ್ಯದಲ್ಲಿ ವರ್ಮ (ಮರ್ಮ) ಚಿಕಿತ್ಸೆಯೇ ಒಂದು ಶಾಖೆ. ಆದರೆ ಪೆಟ್ಟು ಬಿದ್ದರೆ ಅಪಾಯವಾಗುವ ಜಾಗಗಳೆಂಬುದು ಮರ್ಮದ ಮೂಲ ಕಲ್ಪನೆ. ಪಾದದೊಳಗೆ ಇಡೀ ದೇಹ ಅಡಗಿದೆ ಎನ್ನುವುದು ಬೇರೆಯೇ ಮಾತು. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದು ಇತ್ತೀಚಿನವರು. ಮುಂಬಯಿಯ ದೇವೇಂದ್ರ ವೋರಾ ಅವರಂಥವರ ಆಕ್ಯುಪ್ರೆಷರ್ ಪುಸ್ತಕಗಳು ಮನೆಮನೆಗೆ ತಲುಪಿದ್ದೂ ಇದಕ್ಕೆ ಒಂದು ಕಾರಣ.

ಕಾನೂನಿನ ನಿಲುವು ಸ್ಪಷ್ಟ. ಕೇಂದ್ರ ಆರೋಗ್ಯ ಸಚಿವಾಲಯದ ತಜ್ಞರ ಸಮಿತಿ ರೇಕಿ, ಕಾಂತಚಿಕಿತ್ಸೆ, ಸುಗಂಧಚಿಕಿತ್ಸೆಗಳ ಸಾಲಿನಲ್ಲಿ ರಿಫ್ಲೆಕ್ಸಾಲಜಿಯನ್ನೂ ಪರಿಶೀಲಿಸಿ, ಸ್ವತಂತ್ರ ವೈದ್ಯಪದ್ಧತಿಯೆಂಬ ಮಾನ್ಯತೆಗೆ ಶಿಫಾರಸು ಮಾಡಲಿಲ್ಲ. 2003ರ ನವೆಂಬರಿನಲ್ಲಿ ಈ ಕುರಿತ ಆದೇಶ ಹೊರಬಿತ್ತು. ಹೀಗಾಗಿ ಇಲ್ಲಿ ಅದು ಬದುಕಿರುವುದು ಪ್ರಕೃತಿ ಚಿಕಿತ್ಸೆಯ ಆಸರೆಯಲ್ಲಿ. 1989ರಲ್ಲಿ ಆರಂಭವಾದ ಉಜಿರೆಯ ಎಸ್‌ಡಿಎಂ ಕಾಲೇಜು, ಚೆನ್ನೈ ಅರುಂಬಾಕ್ಕಂನ ಸರ್ಕಾರಿ ಕಾಲೇಜು ಮುಂತಾದೆಡೆ ಕಲಿಸುವ ಪ್ರಕೃತಿ ಚಿಕಿತ್ಸೆಯಲ್ಲಿ ಮರ್ದನಕ್ಕೂ ಒತ್ತಡ ಚಿಕಿತ್ಸೆಗಳಿಗೂ ಸ್ಥಾನವಿದೆ.

ಇನ್ನೊಂದು ಆಸರೆ ಶುಶ್ರೂಷೆಯದು. ತಮಿಳುನಾಡಿನ ನರ್ಸಿಂಗ್ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾದಮರ್ದನ ಮತ್ತು ರಿಫ್ಲೆಕ್ಸಾಲಜಿ ಮೆಚ್ಚಿನ ಪ್ರಬಂಧ ವಿಷಯ. ಶಸ್ತ್ರಚಿಕಿತ್ಸೆಯ ನಂತರದ ನೋವು, ನಿದ್ದೆ, ಆತಂಕ, ರಕ್ತದೊತ್ತಡ ಹೀಗೆ ಬಗೆಬಗೆಯ ತೊಂದರೆಗಳಿಗೆ ಅದನ್ನು ಪರೀಕ್ಷಿಸಿದ್ದಾರೆ. ಔಷಧ ಬೇಡ, ಯಂತ್ರ ಬೇಡ, ಎರಡು ಕೈ ಇದ್ದರೆ ಆಯಿತು. ಆದರೆ ಇಂಥ ಪ್ರಬಂಧಗಳಲ್ಲಿ ರೋಗಿಗಳ ಸಂಖ್ಯೆ ಸಣ್ಣದು. ತನ್ನ ಕಾಲನ್ನು ಒತ್ತುತ್ತಿದ್ದಾರೋ ಇಲ್ಲವೋ ಎಂಬುದು ರೋಗಿಗೆ ಗೊತ್ತಿರುತ್ತದೆ. ಆ ಹಿತ ಬಿಂದುವಿನದೋ ಸ್ಪರ್ಶದ್ದೋ ಎಂದು ಬೇರ್ಪಡಿಸುವುದು ಕಷ್ಟ.

2009ರಲ್ಲಿ ಪೂರಕ ಚಿಕಿತ್ಸೆಗಳ ಸಂಶೋಧಕ ಎಡ್ಜಾರ್ಡ್ ಅರ್ನ್ಸ್ಟ್ ರಿಫ್ಲೆಕ್ಸಾಲಜಿಯ 18 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಯಾವ ರೋಗಕ್ಕೂ ಇದು ಪರಿಣಾಮಕಾರಿ ಎನ್ನಲು ಮನವೊಪ್ಪುವ ಪುರಾವೆ ಇಲ್ಲವೆಂದರು. ಆಸ್ಟ್ರೇಲಿಯಾ 2019ರ ಏಪ್ರಿಲ್‌ನಲ್ಲಿ ಸರ್ಕಾರಿ ನೆರವಿನ ಖಾಸಗಿ ಆರೋಗ್ಯ ವಿಮೆಯಿಂದ ಹೊರಗಿಟ್ಟ 16 ಚಿಕಿತ್ಸೆಗಳಲ್ಲಿ ಇದೂ ಒಂದು. ದಣಿದ ಕಾಲಿಗೆ ಆರಾಮ ಸಿಗುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ತಕರಾರಿರುವುದು ಅಂಗಾಲು ಒತ್ತಿ ಮೂತ್ರಪಿಂಡದ ರೋಗ ಪತ್ತೆ ಹಚ್ಚುತ್ತೇವೆ ಎನ್ನುವವರ ಬಗ್ಗೆ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಪಾದದಲ್ಲಿ ಹುಣ್ಣಿರುವವರಿಗೆ ಈ ಚಿಕಿತ್ಸೆ ಸಲ್ಲದು. ಚೆನ್ನೈ, ಬೆಂಗಳೂರಿನ ಉದ್ಯಾನಗಳಲ್ಲಿ ಗುಂಡುಕಲ್ಲು ಹೂಳಿದ 'ಆಕ್ಯುಪ್ರೆಷರ್' ಹಾದಿಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆಯಿದೆ. ಅವರಲ್ಲಿ ನರ ಸೋತು ಅಂಗಾಲು ಜೋಮು ಹಿಡಿದವರಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ.