ತಂತಿಗೆ ತಾಗಿದ ಕೊಂಬೆ

ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆದವರು ಜಲಪಾತಗಳನ್ನು ಕುರಿತು ಬರೆದಿದ್ದಾರೆ. ಅಣೆಕಟ್ಟುಗಳನ್ನು ಕುರಿತು, ದಿವಾನರನ್ನೂ ಎಂಜಿನಿಯರುಗಳನ್ನೂ ಕುರಿತು ಬರೆದಿದ್ದಾರೆ. ತಂತಿಯ ಕೆಳಗೆ ಬೆಳೆದ ಗಿಡಗಂಟಿಯನ್ನು ವರ್ಷ ವರ್ಷವೂ ಸವರುತ್ತ ಹೋಗುವ ಮನುಷ್ಯನನ್ನು ಕುರಿತು ಬರೆದವರು ಮಾತ್ರ ವಿರಳ. ಅವನ ಕೆಲಸ ಸರಿಯಾಗಿ ನಡೆದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಡೆಯದೆ ಹೋದ ದಿನ ಊರೇ ಕತ್ತಲಾಗುತ್ತದೆ, ಕೆಲವೊಮ್ಮೆ ದೇಶವೇ ಕತ್ತಲಾಗುತ್ತದೆ. ಮರಕ್ಕೂ ತಂತಿಗೂ ನಡುವೆ ನೂರು ವರ್ಷಗಳಿಂದ ನಡೆದುಬಂದಿರುವ ಈ ವ್ಯಾಜ್ಯದ ಕಥೆಯನ್ನು ನಾನು ಇಂದು ಹೇಳಬಯಸುತ್ತೇನೆ.

ನಮ್ಮ ನಾಡಿಗೆ ಈ ವ್ಯಾಜ್ಯ ಬಹಳ ಬೇಗ ಬಂದಿತು. 1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯತೊಡಗಿತು. ದೂರ ಸುಮಾರು 92 ಮೈಲಿ, ಎಂದರೆ 147 ಕಿಲೋಮೀಟರುಗಳ ಆಸುಪಾಸು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದ ಮಾರ್ಗಗಳು ಆ ಕಾಲಕ್ಕೆ ಪ್ರಪಂಚದಲ್ಲಿಯೇ ಬೆರಳೆಣಿಕೆಯಷ್ಟು. ಯೋಜನೆಗೆ ಬೆನ್ನೆಲುಬಾಗಿ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದು ಕೈಗೂಡುವುದನ್ನು ಕಾಣುವ ಮೊದಲೇ, 1901ರಲ್ಲಿ, ತೀರಿಕೊಂಡಿದ್ದರು. ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಅವರ ಹೆಸರನ್ನೂ ನಮ್ಮ ಚರಿತ್ರೆ ಮರೆತಿಲ್ಲ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು.

92 ಮೈಲಿ ತಂತಿ ಎಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ಆಕಾಶದಲ್ಲಿ ಎಳೆದ ಒಂದು ಗೆರೆ. ಆದರೆ ಆ ಗೆರೆಯ ಕೆಳಗೆ 92 ಮೈಲಿ ಉದ್ದದ ನೆಲವೂ ಇದೆ. ಕಬ್ಬಿಣವನ್ನೂ ತಾಮ್ರವನ್ನೂ ಒಮ್ಮೆ ನಿಲ್ಲಿಸಿ ಕಟ್ಟಿದರೆ ಅವು ಕಟ್ಟಿದಂತೆಯೇ ನಿಲ್ಲುತ್ತವೆ. ನೆಲ ಹಾಗೆ ಸುಮ್ಮನಿರುವುದಿಲ್ಲ. ಒಂದು ಮುಂಗಾರು ಕಳೆಯುವಷ್ಟರಲ್ಲಿ ಲಂಟಾನ ಎದೆಯೆತ್ತರವಾಗುತ್ತದೆ, ಎರಡು ಮೂರು ಮಳೆಗಾಲ ಕಳೆದರೆ ಬುಡ ಕಡಿದ ಮರ ಚಿಗುರೊಡೆದು ಮತ್ತೆ ತಲೆಯೆತ್ತುತ್ತದೆ. ತಂತಿ ಎಳೆಯುವ ಕೆಲಸಕ್ಕೆ ಒಂದು ಕೊನೆಯುಂಟು, ತಂತಿಯ ದಾರಿಯನ್ನು ತೆರವಾಗಿಡುವ ಕೆಲಸಕ್ಕೆ ಕೊನೆಯಿಲ್ಲ.

ಈ ಜಗಳವನ್ನು ವಿದ್ಯುತ್ತಿಗಿಂತ ಮುಂಚೆಯೇ ಕಂಡಿದ್ದುದು ಟೆಲಿಗ್ರಾಫ್ ಇಲಾಖೆ. 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯ 18ನೆಯ ವಿಧಿ ಮರಗಳಿಗೇ ಮೀಸಲು. ಮರವೊಂದು ತಂತಿಯ ಸಂಪರ್ಕಕ್ಕೆ ಅಡ್ಡಿಯಾದರೆ, ಅಥವಾ ಅಡ್ಡಿಯಾಗುವ ಸಂಭವವಿದ್ದರೆ, ಇಲಾಖೆಯ ಅರ್ಜಿಯ ಮೇಲೆ ಮ್ಯಾಜಿಸ್ಟ್ರೇಟರು ಅದನ್ನು ತೆಗೆಸಬಹುದು. ಆದರೆ ತಂತಿಯನ್ನು ಎಳೆಯುವುದಕ್ಕೆ ಮೊದಲೇ ಮರ ಅಲ್ಲಿ ಇದ್ದಿದ್ದರೆ ಮರದವನಿಗೆ ಪರಿಹಾರ ಕೊಡಿಸಬೇಕು. 1910ರ ವಿದ್ಯುಚ್ಛಕ್ತಿ ಕಾಯಿದೆ ಇದೇ ತತ್ತ್ವವನ್ನು ಕೈಗೊಂಡಿತು. 2003ರ ಕಾಯಿದೆಯ 68ನೆಯ ವಿಧಿಯಲ್ಲಿಯೂ ಅದೇ ಉಳಿದಿದೆ. ಅಲ್ಲಿ ಮರವೆಂದರೆ ಪೊದೆ, ಬೇಲಿ, ಕಾಡುಗಿಡಗಳೂ ಸೇರುತ್ತವೆಂದು ವಿವರಣೆ ಬೇರೆ ಇದೆ. ಎಂದರೆ ನ್ಯಾಯಸ್ಥಾನ ಕೇಳುವ ಪ್ರಶ್ನೆ ಸರಳವಾದದ್ದು: ಮೊದಲು ಬಂದವರು ಯಾರು? ಮರವೋ, ತಂತಿಯೋ? ಹೊಲದ ಬದುವಿನ ತಗಾದೆಯಲ್ಲಿ ಗೌಡರು ಕೇಳುತ್ತಿದ್ದ ಪ್ರಶ್ನೆಯೂ ಇದೇ.

ಕಾಯಿದೆ ಒಂದು ವಿಷಯವನ್ನು ಮಾತ್ರ ಹೇಳುವುದಿಲ್ಲ. ಮರ ಬೆಳೆದು ತಂತಿಯ ಬಳಿಗೆ ಬರುವುದು ಎಲ್ಲರಿಗೂ ಗೊತ್ತು. ತಂತಿಯೂ ಇಳಿದು ಮರದ ಬಳಿಗೆ ಬರುತ್ತದೆ. ವಿದ್ಯುತ್ತು ಹರಿದಂತೆ ತಂತಿ ಕಾಯುತ್ತದೆ, ಮೇಲಿನಿಂದ ಬಿಸಿಲೂ ಕಾಯಿಸುತ್ತದೆ. ಗಾಳಿ ಬೀಸದಿದ್ದರೆ ಆ ಕಾವು ಹೊರಗೆ ಹೋಗುವುದಿಲ್ಲ. ಕಾದ ಲೋಹ ಹಿಗ್ಗುತ್ತದೆ, ಹಿಗ್ಗಿದ ತಂತಿ ಜೋಲುತ್ತದೆ. 300 ಮೀಟರು ಅಂತರದ ಎರಡು ಗೋಪುರಗಳ ನಡುವೆ 8 ಮೀಟರು ಜೋತಿರುವ ತಂತಿಯ ಉಷ್ಣತೆ 40 ಡಿಗ್ರಿ ಏರಿತೆಂದು ಇಟ್ಟುಕೊಳ್ಳೋಣ. ಎಳೆತದ ಸೂಕ್ಷ್ಮಗಳನ್ನು ಬಿಟ್ಟು ಸ್ಥೂಲವಾಗಿ ಲೆಕ್ಕ ಹಾಕಿದರೆ ತಂತಿ ಉದ್ದವಾಗುವುದು ಒಂದು ಗೇಣಿನಷ್ಟು. ಆದರೆ ನಡುಮಧ್ಯದಲ್ಲಿ ಅದು ಕೆಳಗಿಳಿಯುವುದು ಹೆಚ್ಚುಕಡಮೆ ಒಂದೂವರೆ ಮೀಟರು. ಅತಿ ಹೆಚ್ಚಿನ ಒತ್ತಡದ ತಂತಿ ಕೊಂಬೆಯನ್ನು ಮುಟ್ಟಬೇಕಾಗಿಯೂ ಇಲ್ಲ. ಹತ್ತಿರ ಬಂದರೆ ಸಾಕು, ನಡುವಣ ಗಾಳಿಯನ್ನು ಸೀಳಿಕೊಂಡು ವಿದ್ಯುತ್ತು ಮರದ ಮೂಲಕ ನೆಲಕ್ಕೆ ಹಾರುತ್ತದೆ. ಜನ ಹೆಚ್ಚು ವಿದ್ಯುತ್ತನ್ನು ಬೇಡುವ ಸೆಕೆಯ ಮಧ್ಯಾಹ್ನದಲ್ಲಿಯೇ ತಂತಿ ಎಲ್ಲಕ್ಕಿಂತ ಕೆಳಗೆ ಇಳಿದಿರುತ್ತದೆ. ಅದೇ ಋತುವಿನಲ್ಲಿಯೇ ಮರ ಎಲೆ ತುಂಬಿ ಬೆಳೆದಿರುತ್ತದೆ.

ಈ ಎರಡೂ ಕೂಡಿದರೆ ಏನಾದೀತೆಂಬುದನ್ನು ಲೋಕ ಕಂಡದ್ದು 2003ರ ಆಗಸ್ಟ್ 14ರಂದು. ಸ್ಥಳ ಅಮೆರಿಕದ ಓಹಿಯೋ ಸಂಸ್ಥಾನ, ಕ್ಲೀವ್‌ಲೆಂಡ್ ನಗರದ ಸುತ್ತಮುತ್ತ. ದಿನ ಬೆಚ್ಚಗಿತ್ತು, ಅಸಾಧಾರಣವೆನ್ನುವ ಸೆಕೆಯೇನೂ ಇರಲಿಲ್ಲ. ಮಧ್ಯಾಹ್ನ 2 ಗಂಟೆ 14 ನಿಮಿಷದ ಹೊತ್ತಿಗೆ ಫಸ್ಟ್ ಎನರ್ಜಿ ಎಂಬ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕೊಡಬೇಕಾದ ಕಂಪ್ಯೂಟರ್ ವ್ಯವಸ್ಥೆ ಕೆಟ್ಟು ಮೌನವಾಯಿತು. ಅದು ಮೌನವಾದದ್ದು ಅಲ್ಲಿದ್ದವರಿಗೆ ತಿಳಿಯಲಿಲ್ಲ. 3 ಗಂಟೆ 5 ನಿಮಿಷಕ್ಕೆ 345 ಕಿಲೋವೋಲ್ಟಿನ ಒಂದು ಮಾರ್ಗ ಮರಕ್ಕೆ ತಾಗಿ ಕಡಿಯಿತು. ಅದು ಆಗ ಹೊತ್ತಿದ್ದ ಭಾರ ಅದರ ಸಾಮರ್ಥ್ಯದ ಶೇಕಡ 44 ಮಾತ್ರ! ಅದರ ಭಾರವೂ ಉಳಿದವುಗಳ ಮೇಲೆ ಬಿದ್ದು ಅವು ಇನ್ನಷ್ಟು ಕಾದವು, ಇನ್ನಷ್ಟು ಜೋತವು. 3 ಗಂಟೆ 32 ನಿಮಿಷಕ್ಕೆ ಎರಡನೆಯದು, 3 ಗಂಟೆ 41 ನಿಮಿಷಕ್ಕೆ ಮೂರನೆಯದು. ಎರಡೂ ಮರಕ್ಕೆ ತಾಗಿಯೇ ಹೋದವು. ಅಲ್ಲಿಂದ ಮುಂದೆ ಮರದ ಪಾತ್ರ ಮುಗಿಯಿತು. ಒಂದರ ಭಾರ ಇನ್ನೊಂದರ ಮೇಲೆ, ಅದರ ಭಾರ ಮತ್ತೊಂದರ ಮೇಲೆ ಬಿದ್ದು, 4 ಗಂಟೆ ಕಳೆದು ಕಾಲು ಗಂಟೆಯೊಳಗೆ ಅಮೆರಿಕದ ಎಂಟು ಸಂಸ್ಥಾನಗಳ ಭಾಗಗಳೂ ಕೆನಡಾದ ಒಂಟಾರಿಯೋ ಪ್ರಾಂತವೂ ಕತ್ತಲಾದವು. ಸುಮಾರು 5 ಕೋಟಿ ಜನ. ನಿಂತುಹೋದ ವಿದ್ಯುತ್ ಸ್ಥಾವರಗಳು 265. ನ್ಯೂಯಾರ್ಕಿನ ಸುರಂಗಗಳಲ್ಲಿ ರೈಲುಗಳು ನಿಂತುಬಿಟ್ಟವು.

ಈ ಪ್ರಸಂಗದ ಬಗ್ಗೆ ಎರಡು ದೇಶಗಳೂ ಕೂಡಿ ನಡೆಸಿದ ತನಿಖೆಯ ವರದಿ 2004ರ ಏಪ್ರಿಲಿನಲ್ಲಿ ಹೊರಬಂದಿತು. ಅದನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ದೊಡ್ಡ ಅಂಕಿಗಳಲ್ಲ. ಎರಡನೆಯ ಮಾರ್ಗಕ್ಕೆ ತಾಗಿದ ಮರವನ್ನು ಹುಡುಕಿಕೊಂಡು ತನಿಖೆಯವರು ಅಕ್ಟೋಬರಿನಲ್ಲಿ ಅಲ್ಲಿಗೆ ಹೋದಾಗ ಮರವಿರಲಿಲ್ಲ. ಉಳಿದದ್ದು 14 ಅಂಗುಲ ಅಡ್ಡಳತೆಯ ಒಂದು ಮೋಟು. ಆ ದಿನ ಕೊಂಬೆ ಸವರುವ ಒಂದು ತಂಡ ಸಮೀಪದಲ್ಲಿಯೇ ಕೆಲಸ ಮಾಡುತ್ತಿತ್ತು. ತಂತಿ ಮರಕ್ಕೆ ತಾಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಎಂದರೆ ಕೆಲಸ ನಡೆಯುತ್ತಿತ್ತು, ಕೆಲಸದವರೂ ಇದ್ದರು. ಆ ಮರದ ಸರದಿ ಮಾತ್ರ ಬಂದಿರಲಿಲ್ಲ. ಐದು ವರ್ಷಕ್ಕೊಮ್ಮೆ ಒಂದು ಸುತ್ತು ಎಂಬುದು ಕಂಪನಿಯ ಪದ್ಧತಿ. ಆ ಪದ್ಧತಿ ಆ ಉದ್ಯಮದಲ್ಲಿ ಎಲ್ಲರೂ ಅನುಸರಿಸುತ್ತಿದ್ದುದಕ್ಕಿಂತ ಭಿನ್ನವಾಗಿರಲಿಲ್ಲವೆಂದು ವರದಿ ಹೇಳುತ್ತದೆ. ಇದು ಕಂಪನಿಯನ್ನು ದೋಷಮುಕ್ತವಾಗಿಸುವ ಮಾತಲ್ಲ. ಉದ್ಯಮವನ್ನೇ ಕಟಕಟೆಗೆ ತರುವ ಮಾತು. ಮರ ಒಂದೇ ಕಾರಣವೆಂದೂ ವರದಿ ಹೇಳಲಿಲ್ಲ. ವ್ಯವಸ್ಥೆಯನ್ನು ಅರಿಯದಿರುವುದು, ನಡೆಯುತ್ತಿರುವುದನ್ನು ಕಾಣದಿರುವುದು, ಮೇಲಿನಿಂದ ನೋಡಿಕೊಳ್ಳಬೇಕಾದವರ ನೆರವು ಸಾಲದಿರುವುದು, ಇವುಗಳ ಜೊತೆಗೆ ಮರ ಸವರದಿರುವುದನ್ನೂ ಒಂದು ಮೂಲ ಕಾರಣವೆಂದು ಎಣಿಸಿತು.

ಅದು ಮೊದಲನೆಯ ಪಾಠವೂ ಆಗಿರಲಿಲ್ಲ. 1996ರ ಆಗಸ್ಟ್ 10ರಂದು ಆರೆಗನ್ ಪ್ರಾಂತದಲ್ಲಿ ಜೋತ ತಂತಿ ಮರಕ್ಕೆ ತಾಗಿ ಅಮೆರಿಕದ ಪಶ್ಚಿಮ ಭಾಗದಲ್ಲಿ ಲಕ್ಷಗಟ್ಟಲೆ ಮನೆಗಳು ಕತ್ತಲಾಗಿದ್ದವು. ಓಹಿಯೋದ ಸುದ್ದಿ ಹಳತಾಗುವ ಮೊದಲೇ, 2003ರ ಸೆಪ್ಟೆಂಬರ್ 28ರ ಬೆಳಗಿನ ಜಾವ 3 ಗಂಟೆಗೆ, ಸ್ವಿಟ್ಸರ್ಲೆಂಡಿನ ಬೆಟ್ಟಗಳಲ್ಲಿ ಇಟಲಿಗೆ ಹೋಗುವ ಒಂದು ಮಾರ್ಗ ಮರದಿಂದಾಗಿ ಕಡಿಯಿತು. 24 ನಿಮಿಷಗಳ ಮೇಲೆ ಇನ್ನೊಂದು ಹೋಯಿತು. ಇಟಲಿ ದೇಶವೆಲ್ಲ ಕತ್ತಲಾಯಿತು, ಸಾರ್ಡಿನಿಯಾ ದ್ವೀಪವೊಂದನ್ನು ಬಿಟ್ಟು. ಆ ರಾತ್ರಿ ರೋಮ್ ನಗರದಲ್ಲಿ ಬೆಳಗಿನವರೆಗೂ ದೀಪ ಹಚ್ಚಿ ಉತ್ಸವ ನಡೆಸುವ 'ಬಿಳಿಯ ರಾತ್ರಿ'ಯ ಸಂಭ್ರಮ!

ಅಮೆರಿಕದಲ್ಲಿ ಇದರ ಫಲವಾಗಿ ಬಂದದ್ದು 2005ರ ಶಾಸನ. ಆವರೆಗೆ ಐಚ್ಛಿಕವಾಗಿದ್ದ ನಿಯಮಗಳು 2007ರಿಂದ ಕಡ್ಡಾಯವಾದವು. ದೊಡ್ಡ ಮಾರ್ಗಗಳ ಕೆಳಗಿನ ಮರಗಳನ್ನು ಹೇಗೆ ನೋಡಿಕೊಳ್ಳಬೇಕೆಂಬ ನಿಯಮ ಅವುಗಳಲ್ಲೊಂದು. ತಪ್ಪಿದರೆ ಭಾರಿ ದಂಡ. ದಂಡದ ಭಯದಿಂದ ಹುಟ್ಟಿದ ಶ್ರದ್ಧೆಗೆ ಒಂದು ಗುಣವೂ ಉಂಟು, ಒಂದು ದೋಷವೂ ಉಂಟು. ಮೊದಲು ಒಂದು ಕೊಂಬೆಯನ್ನು ಉಳಿಸಿ ಸುಮ್ಮನಾಗುತ್ತಿದ್ದವರು ಈಗ ಮರವನ್ನೇ ತೆಗೆಸಿದರು. ತಾತಂದಿರ ಕಾಲದ ಮರಗಳು ಉರುಳುವುದನ್ನು ಕಂಡ ಮನೆಯವರು ಹಲವು ಊರುಗಳಲ್ಲಿ ಪ್ರತಿಭಟಿಸಿದರು. ದೀಪವೂ ಬೇಕು, ನೆರಳೂ ಬೇಕು ಎಂದು ಕೇಳುವುದರಲ್ಲಿ ತಪ್ಪೇನು?

ಎರಡೂ ದೊರೆಯುವ ದಾರಿಗಳಿಲ್ಲದಿಲ್ಲ. 1953ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬ್ರಾಂಬಲ್ ಮತ್ತು ಬರ್ನ್ಸ್ ಎಂಬ ವಿಜ್ಞಾನಿಗಳು ತಂತಿಮಾರ್ಗದ ಕೆಳಗಿನ ನೆಲವನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡರು. ಗಿಡ ಕೊಲ್ಲುವ ಔಷಧಿಯನ್ನು ಎರಚುವುದರಿಂದ ಬೇಟೆಯ ಪ್ರಾಣಿಗಳಿಗೆ ಕೇಡಾದೀತೆಂದು ಬೇಟೆಗಾರರು ಎತ್ತಿದ ಆಕ್ಷೇಪವೇ ಅದಕ್ಕೆ ಪ್ರೇರಣೆ. ವರ್ಷಗಟ್ಟಲೆ ನೋಡಿ ಅವರು ಕಂಡುಕೊಂಡದ್ದು ಇಷ್ಟು: ಎತ್ತರವಾಗಿ ಬೆಳೆಯುವ ಮರಗಳನ್ನಷ್ಟೇ ಆರಿಸಿ ತೆಗೆದು, ತಂತಿಯ ನೇರ ಕೆಳಗೆ ಹುಲ್ಲು ಮತ್ತು ಕಿರುಗಿಡಗಳನ್ನೂ ಅಂಚಿನಲ್ಲಿ ಪೊದೆಗಳನ್ನೂ ಉಳಿಸಿದರೆ, ಆ ದಟ್ಟಣೆಯೇ ಹೊಸ ಮರಗಳು ತಲೆಯೆತ್ತದಂತೆ ತಡೆಯುತ್ತದೆ. ಕಾವಲಿಗೆ ಗಿಡಗಳನ್ನೇ ನಿಲ್ಲಿಸಿದಂತಾಯಿತು. ಇದೇ ವಿಚಾರವನ್ನು ಪ್ರತಿಪಾದಿಸುತ್ತಿದ್ದ ಫ್ರಾಂಕ್ ಎಗ್ಲರ್ ಎಂಬ ಸಸ್ಯವಿಜ್ಞಾನಿಯ ಕೆಲಸವನ್ನು ರೇಚಲ್ ಕಾರ್ಸನ್ 1962ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸ್ಮರಿಸಿದ್ದಾರೆ.

ಬೀದಿಯ ಮರದ ವಿಷಯವನ್ನು ತಿಳಿಸಿಕೊಟ್ಟವರು ಅಲೆಕ್ಸ್ ಶೈಗೊ, ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ. ಮರಗಳನ್ನು ಉದ್ದುದ್ದಕ್ಕೆ ಸೀಳಿ ಒಳಗನ್ನು ಪರೀಕ್ಷಿಸಿ ಅವರು ತೋರಿಸಿದ ಸಂಗತಿ ಇದು: ನಮ್ಮ ಚರ್ಮದಂತೆ ಮರ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಗಾಯದ ಸುತ್ತ ಗೋಡೆ ಕಟ್ಟಿಕೊಂಡು, ಕೊಳೆತ ಮುಂದೆ ಹರಡದಂತೆ ಬಂದೋಬಸ್ತು ಮಾಡಿಕೊಂಡು, ಹೊಸ ಮರವನ್ನು ಹೊರಗೆ ಬೆಳೆಸುತ್ತದೆ. ಕೊಂಬೆಯನ್ನು ಅದರ ಬುಡದ ಉಬ್ಬಿನ ಹೊರಗೆ ಕತ್ತರಿಸಿದರೆ ಆ ಗೋಡೆ ಭದ್ರವಾಗುತ್ತದೆ. ತಲೆಯನ್ನು ಬೋಳು ಹೊಡೆದರೆ ಗೋಡೆ ಕಟ್ಟುವ ಶಕ್ತಿ ಸೋಲುತ್ತದೆ. ಅವಸರದ ಚಿಗುರುಗಳು ಗುಂಪಾಗಿ ಎದ್ದು ಬೇಗನೆ ತಂತಿಯನ್ನು ಮುಟ್ಟುತ್ತವೆ. ಅವುಗಳ ಹಿಡಿತವೂ ಬಲವಾಗಿರುವುದಿಲ್ಲ, ಮೊದಲ ಬಿರುಗಾಳಿಗೇ ಕಳಚಿ ಬೀಳುತ್ತವೆ. 1990ರಲ್ಲಿ ಅವರು ವಿದ್ಯುತ್ ತಂತಿಯ ಬಳಿಯ ಮರಗಳನ್ನು ಸವರುವುದನ್ನು ಕುರಿತೇ ಒಂದು ಪುಸ್ತಕ ಬರೆದರು. ಅಗ್ಗದ ಕೆಲಸ ಕೊನೆಗೆ ದುಬಾರಿಯಾಗುತ್ತದೆಂಬ ಗಾದೆಯಂಥ ಮಾತನ್ನು ಅವರು ಗರಗಸ ಹಿಡಿದು ಸಾಧಿಸಿ ತೋರಿಸಿದರು.

ಇನ್ನು ನಮ್ಮ ಬೀದಿಗಳಿಗೆ ಬರೋಣ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅದರ ಬೀದಿಗಳಿಗೆ ವರ್ಷವಿಡೀ ಒಂದಾದ ಮೇಲೊಂದು ಹೂ ಬಿಡುವ ಮರಗಳನ್ನು ಯೋಜಿಸಿದ ಕ್ರುಂಬಿಗಲ್ ಅವರು ಬಂದದ್ದು 1908ರಲ್ಲಿ. ಇಲ್ಲಿ ಮೊದಲು ಬಂದವರು ಯಾರು? ದೀಪವೂ ಒಂದೇ ಸರಕಾರದ್ದು, ಮರವೂ ಅದೇ ಸರಕಾರದ್ದು, ಬೀದಿಯ ಅದೇ ಅಂಚಿನಲ್ಲಿ ಎರಡಕ್ಕೂ ಸ್ಥಳ. ಕಾಯಿದೆಯ ಸರಳ ಪ್ರಶ್ನೆ ಇಲ್ಲಿ ಸೋಲುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಮರ ಕಡಿಯಲು ವೃಕ್ಷಾಧಿಕಾರಿಯ ಅಪ್ಪಣೆ ಬೇಕೆಂದಿತು. ಭರಣಿ, ಕೃತ್ತಿಕೆಯ ಮಳೆಗಳು ಅಪ್ಪಣೆಯನ್ನು ಕಾಯುವುದಿಲ್ಲ. ಗುಡುಗು ಗಾಳಿಯ ಒಂದು ಸಂಜೆ ಗುಲ್‌ಮೊಹರ್ ಮರದ ಕೊಂಬೆ ಮುರಿದು ತಂತಿಯ ಮೇಲೆ ಒರಗುತ್ತದೆ. ಮಲೆನಾಡಿನಲ್ಲಾದರೆ ಇಡೀ ಮರವೇ ಮಗುಚಿ ಕಂಬಗಳನ್ನು ಎಳೆದುಕೊಂಡು ಬೀಳುತ್ತದೆ. ಮಳೆಗಾಲಕ್ಕೆ ಮುಂಚೆ ನಡೆಯುವ, ಲೈನ್‌ಮನ್ನರ ಬಾಯಲ್ಲಿ 'ಜಂಗಲ್ ಕಟಿಂಗ್' ಎನಿಸಿಕೊಂಡ ಕೆಲಸದ ಬೆಲೆ ಆ ರಾತ್ರಿ ತಿಳಿಯುತ್ತದೆ.

ಹೊದಿಕೆಯುಳ್ಳ ತಂತಿಗಳನ್ನು ಒಟ್ಟಿಗೆ ಹೆಣೆದು ಕೊಂಬೆಗಳ ನಡುವೆಯೇ ಒಯ್ಯಬಹುದು. ತಂತಿಯನ್ನು ನೆಲದೊಳಗೂ ಇಳಿಸಬಹುದು, ಅಗೆಯುವಾಗ ಬೇರುಗಳನ್ನು ಕತ್ತರಿಸದಷ್ಟು ಎಚ್ಚರವಿದ್ದರೆ. ತಂತಿಯಿರುವ ಬದಿಯಲ್ಲಿ ದೇವಕಣಗಿಲೆ, ಪಾರಿಜಾತಗಳಂಥ ಗಿಡ್ಡ ಮರಗಳನ್ನೂ ಇಲ್ಲದ ಬದಿಯಲ್ಲಿ ದೊಡ್ಡ ಮರಗಳನ್ನೂ ನೆಡಬಹುದು. ಇವಾವುವೂ ಗೂಢವಿದ್ಯೆಗಳಲ್ಲ. ನೆಡುವವನೂ ತಂತಿ ಎಳೆಯುವವನೂ ನೆಡುವ ಮೊದಲು, ಎಳೆಯುವ ಮೊದಲು, ಒಮ್ಮೆ ಒಟ್ಟಿಗೆ ನಿಂತು ಮೇಲೆ ನೋಡಬೇಕು. ಆಮೇಲೆ ವರ್ಷ ವರ್ಷವೂ ಮಾಡಬೇಕಾದ ಕೆಲಸಕ್ಕೆ ಹಣವನ್ನೂ, ಅದನ್ನು ಬಲ್ಲ ಕೈಗಳನ್ನೂ ಒದಗಿಸಬೇಕು. ಮರ ಹೇಗೆ ಬದುಕುತ್ತದೆಂದು ಯಾರೂ ತಿಳಿಸಿಕೊಡದೆ, ಮಚ್ಚನ್ನಷ್ಟೇ ಕೈಗೆ ಕೊಟ್ಟು ಕಳಿಸಿದವನಿಂದ ಮರ ಬೋಳಾದರೆ ಅವನನ್ನು ದೂರುವುದು ನ್ಯಾಯವಲ್ಲ. ಓಹಿಯೋದ ಆ 14 ಅಂಗುಲದ ಮೋಟಿನಷ್ಟೇ ಚಿಕ್ಕ ಕೆಲಸಗಳು ನಮ್ಮ ಊರುಗಳ ಲೆಕ್ಕಪತ್ರಗಳಲ್ಲಿ ಪ್ರತಿ ವರ್ಷವೂ ಮುಂದಿನ ವರ್ಷಕ್ಕೆ ಸರಿಯುತ್ತಿರುತ್ತವೆ. ಮರ ಮಾತ್ರ ತನ್ನ ಬೆಳವಣಿಗೆಯನ್ನು ಮುಂದಿನ ವರ್ಷಕ್ಕೆ ಹಾಕುವುದಿಲ್ಲ.