ಮಾತು ನಿಂತಲ್ಲಿ ಹೊರಡುವ ಸ್ವರ

ಕುಮಟೆಯಿಂದ ಹೊನ್ನಾವರ, ಭಟ್ಕಳದವರೆಗಿನ ನಮ್ಮ ಕರಾವಳಿಯಲ್ಲಿ ಆಟ ನೋಡುತ್ತ ಬೆಳೆದವರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ರಂಗದ ಮೇಲೆ ಚಂದ್ರಮತಿ ಸತ್ತ ಮಗನ ಮುಂದೆ ಕುಳಿತಾಗ, ಅವಳ ಮಾತಿಗಿಂತ ಮೊದಲೇ ನಮ್ಮ ಕಣ್ಣು ತೋಯಿಸುವುದು ಹಿಂದೆ ಕುಳಿತ ಭಾಗವತರ ಕಂಠ. ಅಷ್ಟು ಹೊತ್ತು ಅಬ್ಬರಿಸಿದ ಚಂಡೆ ಆಗ ಸುಮ್ಮನಾಗುತ್ತದೆ. ಮದ್ದಲೆ ಮಾತ್ರ ಮೆಲ್ಲನೆ ಕೈಹಿಡಿದು ನಡೆಸುತ್ತದೆ. ಸ್ವರವು ಒಂದು ನೆಲೆಯಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜಾರುತ್ತದೆ. ಆ ಜಾರುವಿಕೆಯಲ್ಲೇ ಕರುಣರಸದ ಗುಟ್ಟಿದೆ.

ಇದೇ ಮಾತನ್ನು ಪಾಶ್ಚಾತ್ಯರ ರಾಕ್ ಸಂಗೀತದ ಗಿಟಾರಿಗೂ ಅನ್ವಯಿಸಿ ಹೇಳಿದರೆ ನಮ್ಮಲ್ಲಿ ಅನೇಕರು ನಕ್ಕಾರು. ರಾಕ್ ಎಂದರೆ ಗದ್ದಲ, ಕಿವಿಗೊಂದು ಶಿಕ್ಷೆ ಎಂಬ ತೀರ್ಮಾನ ಹಿರಿಯರಲ್ಲಿ ಗಟ್ಟಿಯಾಗಿದೆ. ನನಗೆ ಅದರ ಪರಿಚಯವಾದದ್ದು ಭಟ್ಕಳದ ಪೇಟೆಯ ದಾರಿಯಿಂದ. ದುಡಿಮೆಗಾಗಿ ಕೊಲ್ಲಿ ದೇಶಗಳಿಗೆ ಹೋದವರು ಊರಿಗೆ ಬರುವಾಗ ತಂದ ಟೇಪ್ ರೆಕಾರ್ಡರುಗಳೂ ಕ್ಯಾಸೆಟ್ಟುಗಳೂ ಒಂದು ಕಾಲಕ್ಕೆ ಅಲ್ಲಿ ಧಾರಾಳವಾಗಿದ್ದವು. ಅಂಥದೊಂದು ಕ್ಯಾಸೆಟ್ಟಿನಲ್ಲಿ, ಹಾಡುಗಾರ ಸುಮ್ಮನಾದ ಮೇಲೆ ಗಿಟಾರೊಂದೇ ಮುಂದೆ ಬಂದು ನುಡಿಯುವುದನ್ನು ಕೇಳಿದೆ. ಇಂಗ್ಲಿಷ್ ಪದಗಳು ಅರ್ಧ ತಿಳಿಯದಿದ್ದರೂ, ಈ ದನಿ ಎಲ್ಲೋ ಕೇಳಿದ್ದೇ ಎನಿಸಿತು. ಆ ಭಾಗಕ್ಕೆ ಅಲ್ಲಿಯವರು ‘ಸೋಲೋ’ ಎನ್ನುತ್ತಾರೆ. ನಾವು ಒಂಟಿ ವಾದನ ಎನ್ನಬಹುದು. ಅದು ಎದೆಗೆ ತಟ್ಟುವುದೇಕೆ ಎಂಬುದಕ್ಕೆ ಆ ವಾದ್ಯದ ಚರಿತ್ರೆಯಲ್ಲೇ ಬಹುಮಟ್ಟಿನ ಉತ್ತರವಿದೆ.

ನಿಜ ನೋಡಿದರೆ ಗಿಟಾರ್ ಹುಟ್ಟಿನಿಂದ ಅಳಬಲ್ಲ ವಾದ್ಯವಲ್ಲ. ಮೀಟಿದ ಸ್ವರ ಕ್ಷಣದಲ್ಲಿ ಅಡಗುತ್ತದೆ. ಕೊರಳಿನ ಮೇಲಿನ ಮೆಟ್ಟಿಲುಗಳು ಒಂದೊಂದು ಸ್ವರವನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕುತ್ತವೆ. ಮನುಷ್ಯನ ದುಃಖವಾದರೋ ಮೆಟ್ಟಿಲು ಎಣಿಸಿ ಇಳಿಯುವಂಥದಲ್ಲ. ಈ ಎರಡು ಕೊರತೆಗಳು ನೀಗಿದ ಬಗೆಯೇ ಒಂದು ಸ್ವಾರಸ್ಯವಾದ ಕಥೆ.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ೧೮೮೯ರ ಸುಮಾರಿಗೆ ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಲೋಹದ ತುಂಡೊಂದನ್ನು ಜಾರಿಸಿ ನುಡಿಸುವ ಕ್ರಮವನ್ನು ಕಂಡುಕೊಂಡನೆಂದು ಹೇಳುತ್ತಾರೆ. ಸ್ವರಗಳ ನಡುವಿನ ಗೋಡೆ ಅಲ್ಲಿಗೆ ಬಿತ್ತು. ೧೯೧೫ರ ಸಾನ್ ಫ್ರಾನ್ಸಿಸ್ಕೋ ಪ್ರದರ್ಶನದ ಮೂಲಕ ಆ ಸಂಗೀತ ಅಮೆರಿಕದಲ್ಲೆಲ್ಲ ಹರಡಿತು. ೧೯೩೨ರಲ್ಲಿ ರಿಕನ್‌ಬ್ಯಾಕರ್ ಕಂಪನಿ ಮಾರಾಟಕ್ಕಿಟ್ಟ ವಿದ್ಯುತ್ ಗಿಟಾರ್ ಕೂಡ ಇಂಥ ತೊಡೆಯ ಮೇಲಿನ ಹವಾಯಿ ವಾದ್ಯವೇ. ತಂತಿಯ ಕೆಳಗೆ ಅಯಸ್ಕಾಂತವನ್ನಿಟ್ಟು, ಅದರ ಅಲುಗನ್ನು ವಿದ್ಯುತ್ತಾಗಿಸಿ ಹಿಗ್ಗಿಸಿದಾಗ ಎರಡನೆಯ ಕೊರತೆಯೂ ನೀಗಿತು; ಅಡಗಿಹೋಗುತ್ತಿದ್ದ ಸ್ವರ ಉಸಿರಿನಷ್ಟು ಉದ್ದ ನಿಲ್ಲತೊಡಗಿತು. ರಾಕ್ ಕಲಾವಿದರ ಕೈಗೆ ಮುಂದೆ ಬಂದ ಎರಡು ಹೆಸರಾಂತ ವಾದ್ಯಗಳು ೧೯೫೨ರ ಗಿಬ್ಸನ್ ಲೆಸ್ ಪಾಲ್, ೧೯೫೪ರ ಫೆಂಡರ್ ಸ್ಟ್ರಾಟೋಕಾಸ್ಟರ್.

ಇಲ್ಲಿಂದ ಹೊಳೆ ಎರಡು ಕವಲಾಗಿ ಹರಿಯಿತು. ಅಮೆರಿಕದ ಕರಿಯರ ಬ್ಲೂಸ್ ಸಂಗೀತಗಾರರಲ್ಲಿ ಬಿ. ಬಿ. ಕಿಂಗ್ (೧೯೨೫–೨೦೧೫) ಎಂಬವನಿದ್ದ. ಅವನ ಬಂಧು ಬುಕ್ಕಾ ವೈಟ್ ಲೋಹ ಜಾರಿಸಿ ನುಡಿಸುವುದರಲ್ಲಿ ಗಟ್ಟಿಗ. ತನಗೆ ಅದು ಸಾಧ್ಯವಾಗದೆ, ಬೆರಳಿನಿಂದಲೇ ತಂತಿಯನ್ನು ಬಗ್ಗಿಸಿ ನಡುಗಿಸುವುದನ್ನು ರೂಢಿಸಿಕೊಂಡೆ ಎಂದು ಕಿಂಗ್ ಹೇಳಿಕೊಂಡಿದ್ದಾನೆ. ಆ ನಡುಕವೇ ಮುಂದೆ ಇಂಗ್ಲೆಂಡಿನ ರಾಕ್ ಹುಡುಗರ ಕೈಸೇರಿತು. ಇನ್ನೊಂದು ಕವಲು ನಮ್ಮ ದೇಶಕ್ಕೆ ಬಂತು. ಹವಾಯಿ ಸಂಗೀತದ ಟೌ ಮೋ ೧೯೨೯ರಲ್ಲಿ ಭಾರತಕ್ಕೆ ಬಂದ. ೧೯೪೦ರ ದಶಕದಲ್ಲಿ ಕಲಕತ್ತೆಯಲ್ಲಿ ನೆಲೆಸಿದ. ಹವಾಯಿ ಗಿಟಾರಿನಲ್ಲಿ ರಾಗ ನುಡಿಸಿ ಬ್ರಿಜಭೂಷಣ ಕಾಬ್ರಾ ಅವರು ಹೆಸರಾದರು. ವಿಶ್ವಮೋಹನ ಭಟ್ಟರಿಗೆ ೧೯೯೪ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ನಮ್ಮ ಕರ್ನಾಟಕದಲ್ಲಿ ಪ್ರಕಾಶ್ ಸೊಂಟಕ್ಕೆಯವರು ಈ ವಾದ್ಯದಲ್ಲಿ ಹಿಂದುಸ್ತಾನಿ ನುಡಿಸುತ್ತಾರೆ. ನಾವು ಮೀಂಡ್ ಎನ್ನುವುದನ್ನೂ ಅವರು ತಂತಿ ಬಗ್ಗಿಸುವುದು ಎನ್ನುವುದನ್ನೂ ಒಂದೇ ಹೊಳೆಯ ಎರಡು ದಡದಿಂದ ನೋಡಬಹುದೆಂಬುದು ನನ್ನ ಮತ.

ಇನ್ನು ಕೆಲವು ವಾದನಗಳನ್ನೇ ನೋಡೋಣ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ರವಿಶಂಕರರಲ್ಲಿ ಸಿತಾರ ಕಲಿತವನು. ತನ್ನ ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಎಂಬ ಹಾಡಿಗೆ ೧೯೬೮ರ ಸೆಪ್ಟೆಂಬರ್ ೬ರಂದು ಗೆಳೆಯ ಎರಿಕ್ ಕ್ಲಾಪ್ಟನ್ನನನ್ನು ಕರೆತಂದು ನುಡಿಸಿದ. ಗಿಟಾರಿನ ಅಳು ಆ ಹಾಡಿನ ಹೆಸರಿನಲ್ಲೇ ಇದೆ. ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಮಾತ್ರ ಕ್ಲಾಪ್ಟನ್ನನ ಹೆಸರು ಅಚ್ಚಾಗಲಿಲ್ಲ. ಹಿಮ್ಮೇಳದವರ ಹೆಸರು ಕರಪತ್ರದ ತುದಿಗೆ ಬೀಳುವುದನ್ನು ಕಂಡ ನಮಗೆ ಇದು ಹೊಸತಲ್ಲ.

೧೯೭೧ರಲ್ಲಿ ಅಮೆರಿಕದ ಫಂಕಡೆಲಿಕ್ ತಂಡದ ‘ಮ್ಯಾಗಟ್ ಬ್ರೇನ್’ ಬಂತು. ತಾಯಿ ತೀರಿಕೊಂಡ ಸುದ್ದಿ ಈಗಷ್ಟೇ ಬಂತೆಂದು ತಿಳಿದು ನುಡಿಸು ಎಂದು ನಾಯಕ ಜಾರ್ಜ್ ಕ್ಲಿಂಟನ್ ಗಿಟಾರಿನ ಎಡ್ಡಿ ಹೇಜಲನಿಗೆ ಹೇಳಿದ್ದನಂತೆ. ಹೇಜಲ್ ನುಡಿಸಿದ್ದನ್ನು ಕೇಳಿ ಕ್ಲಿಂಟನ್ ಮಾಡಿದ ಕೆಲಸ ಇನ್ನೂ ದೊಡ್ಡದು: ಉಳಿದ ವಾದ್ಯಗಳ ಸದ್ದನ್ನು ಬಹುಮಟ್ಟಿಗೆ ಅಡಗಿಸಿಬಿಟ್ಟ. ಶೋಕದ ಪದ್ಯಕ್ಕೆ ಚಂಡೆಯವನು ಕೋಲು ಕೆಳಗಿಡುವುದೂ ಇದೇ ವಿವೇಕದಿಂದ.

ಪ್ರೊಗ್ರೆಸಿವ್ ರಾಕ್ ಎಂಬ ಪಂಥ ಇಂಗ್ಲೆಂಡಿನಲ್ಲಿ ೧೯೬೦ರ ದಶಕದ ಕೊನೆಗೆ ಮೂಡಿತು. ಮೂರು ನಿಮಿಷದ ಹಾಡಿನ ಕಟ್ಟನ್ನು ಮುರಿದು, ಧ್ವನಿಮುದ್ರಿಕೆಯ ಒಂದು ಮಗ್ಗುಲನ್ನೇ ತುಂಬುವಷ್ಟು ಉದ್ದದ ಕೃತಿಗಳನ್ನು ಅದು ಕಟ್ಟಿತು. ಜೆನೆಸಿಸ್ ತಂಡದ ‘ಫರ್ತ್ ಆಫ್ ಫಿಫ್ತ್’ (೧೯೭೩) ಕೃತಿಯಲ್ಲಿ ಮೊದಲು ಕೊಳಲಿನಲ್ಲಿ ಬಂದ ರಾಗವನ್ನೇ ಸ್ಟೀವ್ ಹ್ಯಾಕೆಟ್ ಗಿಟಾರಿನಲ್ಲಿ ಎತ್ತಿಕೊಂಡು, ಒಂದೊಂದು ಸ್ವರವನ್ನೂ ಸಾಕಾಗುವಷ್ಟು ಹೊತ್ತು ನಿಲ್ಲಿಸಿ ಹಿಗ್ಗಿಸುತ್ತಾನೆ. ಪಿಂಕ್ ಫ್ಲಾಯ್ಡ್ ತಂಡವನ್ನು ಕಟ್ಟಿದವರಲ್ಲಿ ಒಬ್ಬನಾದ ಸಿಡ್ ಬ್ಯಾರೆಟ್ ಮನಸ್ಸು ಕದಡಿ ೧೯೬೮ರಲ್ಲಿ ದೂರವಾದ. ಅವನನ್ನು ನೆನೆದು ೧೯೭೫ರಲ್ಲಿ ಮಾಡಿದ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಕೃತಿಯಲ್ಲಿ ಮಾತು ಆರಂಭವಾಗುವುದು ಎಂಟು ನಿಮಿಷ ಕಳೆದ ಮೇಲೆ. ಅಲ್ಲಿಯವರೆಗೆ ಡೇವಿಡ್ ಗಿಲ್ಮೋರನ ಗಿಟಾರೇ ಗೆಳೆಯನ ಬರಿದಾದ ಜಾಗವನ್ನು ಸುತ್ತುತ್ತಿರುತ್ತದೆ. ಬರೇ ನಾಲ್ಕು ಸ್ವರಗಳ ಒಂದು ಪಲುಕು ಮತ್ತೆ ಮತ್ತೆ ಕೂಗಿ ಕರೆಯುತ್ತದೆ. ಅದೇ ತಂಡದ ‘ಕಂಫರ್ಟಬ್ಲಿ ನಂಬ್’ (೧೯೭೯) ಹಾಡಿನಲ್ಲಿ, ವೇದಿಕೆ ಹತ್ತಲಾರದಷ್ಟು ಕುಸಿದ ಗಾಯಕನಿಗೆ ವೈದ್ಯ ಸೂಜಿ ಚುಚ್ಚಿ ನಿಲ್ಲಿಸುತ್ತಾನೆ. ನೋವೂ ತಿಳಿಯದಂತಾದ ಅವನ ಪರವಾಗಿ ಕೊನೆಗೆ ನೋಯುವುದು ಗಿಟಾರ್. ಈ ಹಾಡನ್ನು ರೋಜರ್ ವಾಟರ್ಸ್ ೨೦೦೨ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ತಂದಿದ್ದ.

ಭೇದವಿಲ್ಲವೆಂದಲ್ಲ. ನಮ್ಮ ಭಾಗವತರು ಹಾಡುವುದು ಪುರಾಣದ ದುಃಖವನ್ನು. ಕಥೆ ಎಲ್ಲರಿಗೂ ಗೊತ್ತು. ಅವರ ಗಿಟಾರ್ ನುಡಿಯುವುದು ಬಹುಮಟ್ಟಿಗೆ ಒಬ್ಬನ ಸ್ವಂತ ಗಾಯವನ್ನು. ಭಾಗವತರು ಹಿಂದೆ ಕುಳಿತು ಪಾತ್ರಕ್ಕೆ ಉಸಿರು ಕೊಡುತ್ತಾರೆ. ಗಿಟಾರಿನವನು ಬೆಳಕಿನ ನಡುವೆ ಬಂದು ನಿಲ್ಲುತ್ತಾನೆ. ಆದರೆ ಸ್ವರ ಕಾವೇರಿದ ಮೇಲೆ ಆ ದುಃಖ ಚಂದ್ರಮತಿಯದೋ, ಸಿಡ್ ಬ್ಯಾರೆಟನದೋ ಎಂದು ಯಾರೂ ಕೇಳುವುದಿಲ್ಲ. ಕೇಳುವವನ ಮನೆಯ ದುಃಖವಾಗಿ ಅದು ಮಾರ್ಪಟ್ಟಿರುತ್ತದೆ.

ಪರದೇಶದ ವಾದ್ಯಕ್ಕೆ ನಮ್ಮ ಭಾವ ಒಗ್ಗದೆಂಬ ಆಕ್ಷೇಪಕ್ಕೆ ಹೆಚ್ಚು ಬಲವಿಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ಹಿಮ್ಮೇಳಕ್ಕೆ ತಂದರು. ಮೆಚ್ಚದವರಿದ್ದರು, ಆದರೆ ವಾದ್ಯದ ಜಾತಕಕ್ಕಿಂತ ಅದರ ದನಿ ಮುಖ್ಯವೆಂದು ಕಾರಂತರು ಬಗೆದಂತಿದೆ. ಆಟಕ್ಕೆ ಗಿಟಾರ್ ತನ್ನಿರೆಂದು ನಾನು ವಾದಿಸುತ್ತಿಲ್ಲ. ನನ್ನ ಚಿಂತೆ ಬೇರೆ.

ಒಂಟಿ ವಾದನ ಮನಸ್ಸನ್ನು ಕರಗಿಸಿದಲ್ಲೆಲ್ಲ ಒಂದು ಅಂಶ ಸಮಾನವಾಗಿದೆ: ವೇಳೆ. ಎಂಟು ನಿಮಿಷ ಕಾಯಿಸುವ ಧೈರ್ಯ, ಒಂದು ಸ್ವರದ ಮೇಲೆ ನಿಲ್ಲುವ ಸಮಾಧಾನ. ರಾಕ್ ಲೋಕದಲ್ಲಿ ಅದು ಬಹುಕಾಲ ಉಳಿಯಲಿಲ್ಲ. ೧೯೮೦ರ ದಶಕಕ್ಕೆ ಒಂದು ಉಸಿರಿಗೆ ಎಷ್ಟು ಸ್ವರ ಉದುರಿಸಬಲ್ಲೆ ಎಂಬ ಪೈಪೋಟಿ ಅನೇಕ ಗಿಟಾರುವಾದಕರನ್ನು ಹಿಡಿಯಿತು. ಚಪ್ಪಾಳೆ ಬಿತ್ತು; ಕಣ್ಣೀರು ಬೀಳಲಿಲ್ಲ.

ನಮ್ಮಲ್ಲೂ ಅದೇ ಗಾಳಿ ಬೀಸುತ್ತಿದೆ. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಈಗ ಹಲವೆಡೆ ಮೂರು ನಾಲ್ಕು ತಾಸಿನ ಕಾಲಮಿತಿಗೆ ಬಂದಿದೆ. ಅದಕ್ಕೆ ಕಾರಣಗಳಿವೆ, ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕನನ್ನು ದೂರಿ ಫಲವಿಲ್ಲ. ಆದರೆ ಕತ್ತರಿ ಮೊದಲು ಬೀಳುವುದು ಶೋಕದ ಪದ್ಯಕ್ಕೆ. ಚಂಡೆಯ ಪೈಪೋಟಿಗೆ, ಸುತ್ತು ಹೊಡೆದು ಕುಣಿಯುವುದಕ್ಕೆ ಶಿಳ್ಳೆ ಬೀಳುತ್ತದೆ. ಆದ್ದರಿಂದ ಅವು ಉಳಿಯುತ್ತವೆ. ವಿಲಂಬದ ಪದ್ಯಕ್ಕೆ ಶಿಳ್ಳೆ ಹಾಕುವವರಾರು? ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಬಹುಕಾಲ ಹಾಡಿ, ೨೦೧೯ರಲ್ಲಿ ಗತಿಸಿದ ನೆಬ್ಬೂರು ನಾರಾಯಣ ಭಾಗವತರ ಅವಸರವಿಲ್ಲದ ಹಾಡಿಕೆಯನ್ನು ಕೇಳಿದವರಿಗೆ ಈ ನಷ್ಟ ಎಷ್ಟೆಂಬುದು ಗೊತ್ತು.

ಮಗ ಕೋಣೆಯ ಬಾಗಿಲು ಹಾಕಿಕೊಂಡು ಗಿಟಾರ್ ಕೇಳುತ್ತಾನೆಂದು ಬೇಸರಪಡುವ ತಂದೆಗೂ, ಅಪ್ಪನ ಆಟ ಹಳೆಯ ಕಾಲದ್ದೆಂದು ಮೂಗುಮುರಿಯುವ ಮಗನಿಗೂ ಹೇಳಬಹುದಾದ ಮಾತೊಂದಿದೆ. ಇಬ್ಬರೂ ಹುಡುಕುತ್ತಿರುವುದು ಒಂದನ್ನೇ: ಮಾತು ಸೋತಲ್ಲಿ ನಿಲ್ಲದೆ ಮುಂದೆ ಹೋಗುವ ಸ್ವರವನ್ನು. ಆ ಸ್ವರಕ್ಕೆ ದೇಶವಿಲ್ಲದಿರಬಹುದು, ಆದರೆ ಅದಕ್ಕೆ ಬಿಡುವು ಬೇಕು. ಒಂದು ಪದ್ಯ ಕಡಮೆ ಹಾಡಿದರೂ ಚಿಂತೆಯಿಲ್ಲ. ಹಾಡುವ ಪದ್ಯವನ್ನು ಅವಸರಿಸದೆ ಹಾಡಲಿ.