ಲಾರಿಗೆ ಧೂಳು ಹಿಡಿಸುವ ವಿದ್ಯೆ

ಲಕ್ಷ್ಮೇಶ್ವರದ ಮಗ್ಗುಲಿನ ಅಡರಕಟ್ಟಿಯಂಥ ಊರಿನಲ್ಲಿ ಲಾರಿಗೆ ಧೂಳು ಹಿಡಿಸಲು ಯಾರೂ ಕಷ್ಟಪಡಬೇಕಾಗಿಲ್ಲ. ಸುಗ್ಗಿಯಲ್ಲಿ ಶೇಂಗಾ, ಹತ್ತಿ, ಉಳ್ಳಾಗಡ್ಡಿ ಹೇರಲು ಹೊಲದ ದಾರಿಗೆ ಇಳಿದ ಗಾಡಿ ನೋಡನೋಡುತ್ತಲೇ ಹೊಲದ ಬಣ್ಣಕ್ಕೆ ತಿರುಗುತ್ತದೆ. ಅದೇ ಲಾರಿಯನ್ನು 24ರಲ್ಲಿ ಒಂದು ಪಾಲಿಗೆ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಆ ಧೂಳನ್ನು ಕೈಯಾರೆ ಹಚ್ಚಲು ಕೂತವರಿಗೆ ಮಾತ್ರ ಅದು ವಾರಗಟ್ಟಲೆ ಕೆಲಸ. ಲಾರಿ ಕಿಟ್ಟಿನ ಚರಿತ್ರೆ ಒಂದು, ಹೊಸದನ್ನು ಹಳೆಯದಾಗಿಸುವ ವಿದ್ಯೆಯ ಚರಿತ್ರೆ ಇನ್ನೊಂದು. ಅವೆರಡೂ ಕೂಡಿದ್ದು ತಡವಾಗಿ. ಕೂಡಿದ ಮೇಲೂ ನಮ್ಮ ಕಡೆಯ ಲಾರಿಗೆ ಅಲ್ಲಿ ಜಾಗ ಸಿಗಲಿಲ್ಲ. ಕಿಟ್ಟು ಸಿಗದಿದ್ದುದು ದೊಡ್ಡ ಕೊರತೆಯಲ್ಲ. ಹಳೆಯದಾಗಿಸುವ ಸೂತ್ರಗಳೇ ಬೇರೆ ಹವೆಯಲ್ಲಿ ಹುಟ್ಟಿದವು ಎಂಬುದು ದೊಡ್ಡ ಕೊರತೆ.

ಸಣ್ಣ ಅಳತೆಯಲ್ಲಿ ಮಾಡುವ ರೂಢಿ ಇಲ್ಲಿಯವರಿಗೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ತಂದು ಜೋಡೆತ್ತು, ಗ್ವಾದಲಿ ಮಾಡಿ ಪೂಜಿಸುವುದು ಒಕ್ಕಲುತನದ ಮನೆಗಳಲ್ಲಿ ಇಂದಿಗೂ ಉಂಟು. ಜೋಳದ ದಂಟಿನ ಬೆಂಡಿಗೆ ಸಿಬಿರು ಚುಚ್ಚಿ ಚಕ್ಕಡಿ ಕಟ್ಟಿದ ಹುಡುಗರು, ರಸ್ತೆಗೆ ಲಾರಿ ಬಂದ ಮೇಲೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಸವೆದ ಹವಾಯಿ ಚಪ್ಪಲಿಯಿಂದ ಗಾಲಿ ಕೊಯ್ದು ಲಾರಿಯನ್ನೂ ಮಾಡಿದರು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಲಾರಿ ಜಾತ್ರೆಯಲ್ಲಿ ಸಿಗುತ್ತಿತ್ತು, ಆದರೆ ಅದು ಆಟಿಕೆ. ಅಳತೆಗೆ ಅಲ್ಲಿ ಬೆಲೆಯಿಲ್ಲ, ನುಣುಪಿಗೆ ಇದೆ. ತಗಡಿನ ಲಾರಿಯೇ ಮಾದರಿಗೆ ಹೆಚ್ಚು ಹತ್ತಿರ. ಅದನ್ನು ಮಾಡಿದವನು ನಿಜವಾದ ಲಾರಿಯನ್ನು ಸುತ್ತು ಹಾಕಿ ನೋಡಿರುತ್ತಿದ್ದ.

ಪ್ಲಾಸ್ಟಿಕ್ ಕಿಟ್ಟಿನ ಕತೆ ಇಂಗ್ಲೆಂಡಿನಲ್ಲಿ ಮೊದಲಾಗುತ್ತದೆ. 1936ರಲ್ಲಿ ಫ್ರಾಗ್ ಕಂಪನಿ ಪೆಂಗ್ವಿನ್ ಹೆಸರಿನಲ್ಲಿ ವಿಮಾನದ ಕಿಟ್ಟುಗಳನ್ನು ತಂದಿತು. 1949ರಲ್ಲಿ ಏರ್‌ಫಿಕ್ಸ್ ಒಂದು ಫರ್ಗ್ಯೂಸನ್ ಟ್ರ್ಯಾಕ್ಟರಿನ ಮಾದರಿ ಮಾಡಿತು. ಅದು ಹವ್ಯಾಸಿಗಳಿಗೆಂದು ಹುಟ್ಟಿದ್ದಲ್ಲ, ಟ್ರ್ಯಾಕ್ಟರ್ ಮಾರುವವರ ಕೈಗೆ ಕೊಡಲು ಮಾಡಿಸಿದ್ದು. ಕಿಟ್ಟಾಗಿ ಅಂಗಡಿಗೆ ಬಂದದ್ದು ಆಮೇಲೆ. ಅಮೆರಿಕದ ಡೆಟ್ರಾಯಿಟ್ ಕಡೆಯಲ್ಲೂ ಇದೇ ಹಾದಿ. 1948ರಲ್ಲಿ ಶುರುವಾದ ಎಎಂಟಿ ಮೊದಲು ಮಾಡಿದ್ದು ಕಾರು ಷೋರೂಮುಗಳಿಗೆ ಬೇಕಾದ ಪ್ರಚಾರದ ಮಾದರಿಗಳನ್ನು. 1958ರಲ್ಲಿ ಅದು ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಲ್ಲಿ ಕಟ್ಟಬಹುದಾದ ಕಾರಿನ ಕಿಟ್ಟು ಹೊರಡಿಸಿದಾಗ ಹುಡುಗರು ಮುಗಿಬಿದ್ದರು. ಮಾರಾಟಗಾರನ ಮೇಜಿನ ಮೇಲೆ ಹುಟ್ಟಿದ ವಸ್ತುವಿಗೆ ಹೊಳಪೇ ಗುಣವಾಯಿತು. ಕಾರಿನ ಕಿಟ್ಟುಗಳಿಗೆ ಆ ಚಟ ಇಂದಿಗೂ ಬಿಟ್ಟಿಲ್ಲ.

ಹೆವಿ ಲಾರಿ ಬಂದದ್ದು 1970ರ ಆಸುಪಾಸಿನಲ್ಲಿ. ಎಎಂಟಿಯ ಪೀಟರ್‌ಬಿಲ್ಟ್ 359, ಅದರ ಹಿಂದೆಯೇ ಕೆನ್‌ವರ್ತ್ ಡಬ್ಲ್ಯೂ-925. ಇವು 25ರಲ್ಲಿ ಒಂದು ಪಾಲಿನವು. ಚಾಸಿ, ಕಮಾನು ಪಟ್ಟಿ, ಇಂಜಿನ್, ಗಾಳಿ ಟ್ಯಾಂಕು ಎಲ್ಲವನ್ನೂ ಬಿಡಿಬಿಡಿಯಾಗಿ ಕೂಡಿಸಬೇಕು. ಕಾರಿನಲ್ಲಿ ತಗಡಿನ ಕೆಳಗೆ ಅಡಗುವ ಭಾಗಗಳು ಲಾರಿಯಲ್ಲಿ ಬಯಲಿಗೇ ಇರುವುದರಿಂದ ಕಟ್ಟುವವನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಟೀವಿಯಲ್ಲಿ 1974ರಿಂದ 76ರವರೆಗೆ ಬಂದ 'ಮೂವಿನ್ ಆನ್' ಧಾರಾವಾಹಿ, 1978ರ 'ಕಾನ್ವಾಯ್' ಸಿನಿಮಾ ಲಾರಿ ಡ್ರೈವರನನ್ನು ನಾಯಕನನ್ನಾಗಿಸಿದವು. ಕಿಟ್ಟುಗಳೂ ಅದೇ ಗಾಳಿಯಲ್ಲಿ ಮಾರಾಟವಾದವು. ಜಪಾನಿನಲ್ಲಿ 1975ರಿಂದ 79ರ ನಡುವೆ ಬಂದ 'ಟೊರಾಕ್ಕು ಯಾರೊ' ಚಿತ್ರಮಾಲೆ ದೀಪ, ಚಿತ್ತಾರ ತುಂಬಿದ ಲಾರಿಗಳ ಹುಚ್ಚನ್ನು ಊರಿಗೆಲ್ಲ ಹಿಡಿಸಿತು. ಆ 'ದೆಕೊತೊರ'ಗಳ ಕಿಟ್ಟುಗಳನ್ನು ಅವೊಶಿಮ ಕಂಪನಿ ಇಂದಿಗೂ ಮಾಡುತ್ತದೆ. ನಮ್ಮ ಲಾರಿಯ ಹಿಂಬದಿಯ ಕಮಲ, ನವಿಲು, ಹದ್ದುಗಳಿಗೆ ಯಾರಾದರೂ ನಂಟರಿದ್ದರೆ ಇವೇ. ಯುರೋಪಿನ ಸ್ಕೇನಿಯಾ, ವೋಲ್ವೊ, ಮರ್ಸಿಡಿಸ್‌ಗಳ ಭಾರ ಹೊತ್ತದ್ದು ಇಟಲಿಯ ಇಟಲೇರಿ. ಅದರ 24ರಲ್ಲಿ ಒಂದು ಪಾಲಿನ ಅಳತೆ ಅಲ್ಲಿನ ಲಾರಿ ಮಾದರಿಗೆ ರೂಢಿಯಾಗಿ ನಿಂತಿತು.

ಇಷ್ಟೆಲ್ಲ ಆದರೂ ಪೆಟ್ಟಿಗೆಯ ಮೇಲಿನ ಲಾರಿಗಳು ತೊಳೆದು ನಿಲ್ಲಿಸಿದಂತೆಯೇ ಇದ್ದವು. ಕೊಳೆಯ ವಿದ್ಯೆ ಬೆಳೆದದ್ದು ರೈಲು ಮಾದರಿ ಮತ್ತು ಯುದ್ಧದ ಟ್ಯಾಂಕುಗಳ ಪಡಸಾಲೆಯಲ್ಲಿ. 1970ರ ದಶಕದಲ್ಲಿ ಶೆಪರ್ಡ್ ಪೇನ್ ಮಾನೊಗ್ರಾಮ್ ಕಂಪನಿಯ ಕಿಟ್ಟುಗಳಿಗಾಗಿ ಮಾಡಿದ ದೃಶ್ಯಗಳು, ಪೆಟ್ಟಿಗೆಯೊಳಗೆ ಇಟ್ಟುಕೊಟ್ಟ ಸಲಹೆಯ ಹಾಳೆಗಳು ಬಹಳ ಜನರಿಗೆ ಮೊದಲ ಪಾಠವಾದವು. ಬೆಲ್ಜಿಯಮ್ಮಿನ ಫ್ರಾನ್ಸ್ವಾ ವೆರ್ಲಿಂಡೆನ್ ತೆಳು ಕಪ್ಪು ನೀರನ್ನು ಸಂದುಗಳಿಗೆ ಹರಿಸಿ, ಒಣಕುಂಚದಿಂದ ಅಂಚುಗಳನ್ನು ಮಿನುಗಿಸುವ ಶೈಲಿಯನ್ನು ಮನೆಮಾತಾಗಿಸಿದರು. 2000ರ ಬಳಿಕ ಸ್ಪೇನಿನವರ ಕಾಲ: ಮಿಗ್ ಹಿಮೆನೆಸ್ ಮತ್ತು ಅವರ ಸಂಗಡಿಗರು ಪುಡಿಬಣ್ಣ, ಎಣ್ಣೆಬಣ್ಣ, ಜಿನುಗು ಗೆರೆಗಳನ್ನು ಸೀಸೆಗಳಲ್ಲಿ ತುಂಬಿ ಮಾರಿದರು. ಲಾರಿಯ ಮಟ್ಟಿಗೆ ಇವರೆಲ್ಲರಿಗಿಂತ ಮುಂಚಿನ ಗುರು ಒಂದು ಸಿನಿಮಾ ಎಂದೇ ನನ್ನ ಎಣಿಕೆ. 1971ರ 'ಡ್ಯುಯಲ್‌'ಗಾಗಿ ಸ್ಪೀಲ್‌ಬರ್ಗ್ ಹಳೆಯ ಪೀಟರ್‌ಬಿಲ್ಟ್ 281 ಒಂದಕ್ಕೆ ಎಣ್ಣೆ, ಕೆಸರು, ತುಕ್ಕುಗಳ ವೇಷ ಹಾಕಿಸಿದ್ದರು. ಡ್ರೈವರನ ಮುಖ ತೋರಿಸದೆ ಲಾರಿಯ ಕೊಳೆಯಿಂದಲೇ ಹೆದರಿಸಿದ ಚಿತ್ರ ಅದು.

ವಿಧಾನಗಳಲ್ಲಿ ಹೆಚ್ಚು ಚಮತ್ಕಾರದ್ದು ಹೇರ್‌ಸ್ಪ್ರೇಯದು. ಮೊದಲು ತುಕ್ಕಿನ ಕಂದು ಬಣ್ಣ ಹೊಡೆದು, ಅದಕ್ಕೆ ವಾರ್ನಿಷ್ ಕೊಟ್ಟು ಒಣಗಿಸಬೇಕು. ಅದರ ಮೇಲೆ ತಲೆಗೂದಲಿಗೆ ಹಾಕುವ ಸಾಮಾನ್ಯ ಸ್ಪ್ರೇ, ಅದರ ಮೇಲೆ ಲಾರಿಯ ಅಕ್ರಿಲಿಕ್ ಬಣ್ಣ. ಬಣ್ಣ ಮುಟ್ಟುವಷ್ಟು ಒಣಗಿದೊಡನೆ ನೀರು ಸವರಿ ಗಟ್ಟಿ ಕುಂಚದಿಂದ ತಿಕ್ಕಿದರೆ ನಡುವಿನ ಸ್ಪ್ರೇ ಕರಗುತ್ತದೆ, ಮೇಲಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ, ಕೆಳಗಿನ ತುಕ್ಕು ಇಣುಕುತ್ತದೆ. ಕೈ ತಡೆಯುವುದು ಮಾತ್ರ ಕಷ್ಟ. 24ರಲ್ಲಿ ಒಂದು ಪಾಲಿನಲ್ಲಿ ಒಂದು ಮಿಲಿಮೀಟರ್ ಚಕ್ಕೆ ಎಂದರೆ ನಿಜವಾದ ಲಾರಿಯಲ್ಲಿ 24 ಮಿಲಿಮೀಟರ್, ಹೆಚ್ಚುಕಡಿಮೆ ರೂಪಾಯಿ ನಾಣ್ಯದಷ್ಟು. ಬಾಗಿಲ ತುಂಬ ಅಂಥವು ಹತ್ತಿದರೆ ಲಾರಿಗೆ ವಯಸ್ಸಾದಂತೆ ಕಾಣುವುದಿಲ್ಲ, ಸಿಡುಬು ಎದ್ದಂತೆ ಕಾಣುತ್ತದೆ. ಪ್ರದರ್ಶನಗಳ ಚಿತ್ರಗಳಲ್ಲಿ ಈ ಅತಿರೇಕ ಧಾರಾಳ.

ಇಲ್ಲಿಗೆ ಹವೆಯ ಪ್ರಶ್ನೆ ಬಂತು. ಯುರೋಪು, ಅಮೆರಿಕಗಳ ಚಳಿಸೀಮೆಯಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅಲ್ಲಿನ ಲಾರಿ ಕೆಳಗಿನಿಂದ ತುಕ್ಕು ಹಿಡಿಯುತ್ತದೆ, ಸೀಸೆಗಳ ಮೇಲಿನ ಸೂಚನೆಗಳೂ ಅದಕ್ಕೆ ತಕ್ಕಂತೆ. ಗದಗ ಸೀಮೆಯ ಒಣ ಬಯಲಿನಲ್ಲಿ ಮುಖ್ಯ ಶತ್ರು ಬಿಸಿಲು. ಕ್ಯಾಬಿನ್ನಿನ ನೆತ್ತಿ ಮೊದಲು ಬೆಳ್ಳಗಾಗುತ್ತದೆ, ಕೆಂಪು ಗುಲಾಬಿಗೆ ಇಳಿಯುತ್ತದೆ. ಇನ್ನೊಂದು ವ್ಯತ್ಯಾಸ ಗಾಡಿಯದೇ. 1954ರಲ್ಲಿ ಟೆಲ್ಕೊ ಡೈಮ್ಲರ್-ಬೆಂಝ್ ಜೊತೆಗೂಡಿ ಲಾರಿ ಮಾಡತೊಡಗಿತು, 1955ರಲ್ಲಿ ಅಶೋಕ್ ಮೋಟರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಈ ಕಂಪನಿಗಳಿಂದ ಎಷ್ಟೋ ಲಾರಿಗಳು ಬರಿಯ ಚಾಸಿ, ಇಂಜಿನ್, ಮುಂದಿನ ತಗಡಿನ ಮೋರೆಯೊಂದಿಗೆ ಹೊರಬಿದ್ದವು. ಕ್ಯಾಬಿನ್ನು, ಹಿಂದಿನ ಹಲಗೆ ಎಲ್ಲ ಬಡಿಗರ, ಬೆಸುಗೆಯವರ ಶೆಡ್ಡುಗಳಲ್ಲಿ ಕಟ್ಟಿದ್ದು. ಹಾಗಾಗಿ ಒಂದೇ ಮಾದರಿಯ ಎರಡು ಲಾರಿ ಒಂದೇ ತೆರನಾಗಿ ಇರುವುದಿಲ್ಲ. ಮರದ ಮೈ ತುಕ್ಕು ಹಿಡಿಯುವುದೂ ಇಲ್ಲ: ಬಣ್ಣ ನಾರಿನ ಗುಂಟ ಸೀಳುತ್ತದೆ, ಸಂದಿಯಲ್ಲಿ ಕಾಳು, ಹೊಟ್ಟು ಕೂರುತ್ತದೆ. ಖಂಡೇನವಮಿ ಹತ್ತಿರ ಬಂದರೆ ಮೇಲೆ ಹೊಸ ಬಣ್ಣ. ನಮ್ಮ ಲಾರಿಯ ಚಕ್ಕೆ ಎದ್ದಲ್ಲಿ ಕಾಣುವುದು ಬಹುಮಟ್ಟಿಗೆ ಹಿಂದಿನ ವರ್ಷಗಳ ಬಣ್ಣ. ಹಳದಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ. ಹೇರ್‌ಸ್ಪ್ರೇಯ ವಿಧಾನವನ್ನು ಇದಕ್ಕೂ ಬಳಸಬಹುದು, ತುಕ್ಕಿನ ಜಾಗದಲ್ಲಿ ಎರಡು ಮೂರು ಬಣ್ಣದ ಪದರ ಇಟ್ಟರಾಯಿತು.

ಈ ಭಾಗದ ಲಾರಿಯ ಕೊಳೆಗೆ ಒಂದು ರಾಜಕೀಯ ಕಾಲವೂ ಇತ್ತು. 2000ರ ದಶಕದಲ್ಲಿ ಬಳ್ಳಾರಿ, ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಆಗಿನ 63ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಬೇಲೇಕೇರಿ ಬಂದರಿಗೆ ಸಾಲುಗಟ್ಟಿದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೆ ದಾರಿಯ ಬದಿಯ ಗಿಡಗಳೂ ಕೆಂಪಗಿದ್ದವು. ಆ ಕಾಲದ ಲಾರಿಯ ಫೋಟೊ ನೋಡಿ ಮಾದರಿ ಮಾಡುವವರಿಗೆ ಒಂದು ಬಲೆ ಕಾದಿದೆ. ಅದಿರಿನ ಧೂಳು ಕಬ್ಬಿಣದ ಆಕ್ಸೈಡ್, ಬಣ್ಣದಲ್ಲಿ ತುಕ್ಕಿನ ಖಾಸಾ ತಮ್ಮ. ಆದರೆ ತುಕ್ಕು ಅಂಚು, ಬೆಸುಗೆ, ಗೀರುಗಳಿಂದ ಹೊರಡುತ್ತದೆ. ಧೂಳು ಮೇಲಿನಿಂದ ಬಿದ್ದು ಅಡ್ಡಪಟ್ಟಿಗಳ ಮೇಲೆ, ಚಾಸಿಯ ತೊಟ್ಟಿಲಲ್ಲಿ, ಗ್ರೀಸು ಇದ್ದಲ್ಲಿ ಕೂರುತ್ತದೆ, ತಾಡಪತ್ರಿಯ ಹಗ್ಗ ಉಜ್ಜಿದಲ್ಲಿ ಅಳಿಸಿಹೋಗುತ್ತದೆ. ಎರಡಕ್ಕೂ ಒಂದೇ ಪುಡಿ ಸಾಕು, ಹಚ್ಚುವ ಜಾಗ ಬೇರೆ.

ಹೊಲದ ಮಣ್ಣನ್ನೇ ಬಳಸಬಾರದೇ ಎಂದರೆ, ಬಳಸಬಹುದು, ಉಪಾಯದಿಂದ. ಮಸಾರಿಯಲ್ಲಿ ಮರಳಿದೆ, ಹತ್ತರಲ್ಲೊಂದು ಮಿಲಿಮೀಟರಿನ ಕಣವೂ ಮಾದರಿಯ ಮೇಲೆ ಜಲ್ಲಿಯಾಗುತ್ತದೆ, ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಎರೆ ತುಂಬ ನುಣ್ಣನೆಯದು, ಆದರೆ ನೀರು ಕಂಡರೆ ಉಬ್ಬಿ, ಒಣಗಿದರೆ ಬಿರಿಯುವ ಜಾತಿ. ನೀರಿನ ಅಂಟಿನಲ್ಲಿ ಕಲಸಿದರೆ ಹೆಂಟೆಯಾಗಿ ಕಳಚುತ್ತದೆ. ಸ್ಪಿರಿಟ್ಟಿನಲ್ಲಿ ತೆಳುಮಾಡಿದ ವಾರ್ನಿಷ್‌ನಿಂದ ಹಿಡಿಸುವುದು ವಾಸಿ. ಗಾಲಿಯ ಮೇಲಿನ ಎರೆ ಒಣಗಿದಾಗ ಕಪ್ಪಲ್ಲ, ಬೂದಿ ಬಣ್ಣ ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಿಲ್ಲ.

ಕಿಟ್ಟಿಲ್ಲದ ಕೊರತೆಯನ್ನು ದಕ್ಷಿಣದ ಹುಡುಗರು ತಮ್ಮದೇ ರೀತಿಯಲ್ಲಿ ನೀಗಿಕೊಂಡಿದ್ದಾರೆ. ಕೇರಳ, ತಮಿಳುನಾಡು, ಕರ್ನಾಟಕಗಳಲ್ಲಿ ಫೋಮ್ ಶೀಟು ಕತ್ತರಿಸಿ, ಚಿತ್ತಾರ ಬರೆದು, ಎಲ್‌ಇಡಿ ದೀಪ ಕೂರಿಸಿ ಬಸ್ಸು, ಲಾರಿಗಳ ಪ್ರತಿಕೃತಿ ಮಾಡುವವರು ಬಹಳ. ತ್ರೀಡಿ ಪ್ರಿಂಟರ್ ಬಂದ ಮೇಲೆ ಟಾಟಾ, ಲೇಲ್ಯಾಂಡ್‌ಗಳ ಮೋರೆಯನ್ನೂ ಅಳತೆಗೆ ಸರಿಯಾಗಿ ಅಚ್ಚು ತೆಗೆಯಬಹುದು. ಇವರ ಲಾರಿಗಳು ಬಹುತೇಕ ಖಂಡೇನವಮಿಯ ಬೆಳಗಿನಂತೆ ಲಕಲಕ ಎನ್ನುತ್ತವೆ. ಹೊಟ್ಟೆ ಹೊರೆಯುವ ಗಾಡಿಯನ್ನು ಕೊಳಕಾಗಿ ತೋರಿಸಲು ಮನಸ್ಸು ಬಾರದಿರುವುದು ಸಹಜ, ಅದನ್ನು ಅರಸಿಕತೆ ಎನ್ನಲಾಗದು. ಆದರೆ ಪೂಜೆಗೆ ತೊಳೆದ ಲಾರಿಯಲ್ಲೂ ನೀರಿನ ಪೈಪು ಮುಟ್ಟದ ಜಾಗಗಳಿವೆ: ಕಮಾನು ಪಟ್ಟಿಗಳ ನಡುವೆ, ಸ್ಟೆಪ್ನಿಯ ಬೆನ್ನಿಗೆ, ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ, ಎರಡು ಗಾಲಿಗಳ ಸಂದಿಯಲ್ಲಿ. ಹೂವಿನ ಮಾಲೆ, ನಿಂಬೆಹಣ್ಣು ಹಾಗೆಯೇ ಇರಲಿ. ಪುಡಿಬಣ್ಣವನ್ನು ಅಲ್ಲಿಂದ ಶುರುಮಾಡಬಹುದು.